ಭೃಂಗಿಯ ಮಧ್ಯಾಹ್ನಗಳು

ಹೊಳೆನರಸೀಪುರದ ಪೇಟೆಬೀದಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಚನ್ನಬಸವಯ್ಯನವರಿಗೆ ಅಳೆದು ನೋಡದ ವಸ್ತುವಿನ ಮೇಲೆ ನಂಬಿಕೆ ಇರಲಿಲ್ಲ. ಅಟ್ಟದ ಮೇಲೆ ಹನ್ನೊಂದು ತಿಂಗಳು ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಸಾಕು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುತ್ತಿದ್ದರು. ಹೇಳಿದ ಮೇಲೂ ಒಂದನ್ನು ಒಡೆಸಿ ನೋಡಿಯೇ ಮುಂದಿನ ಮಾತು. ಇಂಥ ಮನುಷ್ಯ ನಾಲ್ಕು ವರ್ಷ ಒಂದು ನಾಯಿಯನ್ನು ಸಾಕಿ, ಅದರ ವಿಷಯದಲ್ಲಿ ಮೊದಲಿನಿಂದ ಕೊನೆಯವರೆಗೆ ತಪ್ಪು ತಿಳಿದುಕೊಂಡಿದ್ದರು.

ನಾಯಿ ಬಂದದ್ದು ೧೯೩೭ರ ಮಳೆಗಾಲದಲ್ಲಿ. ಮಂಡಿಯ ಹಿತ್ತಲಿನಲ್ಲಿ ರಾಶಿ ಹಾಕಿದ್ದ ತೆಂಗಿನ ಮಟ್ಟೆಗಳ ಸಂದಿಯಲ್ಲಿ ಒಂದು ಕರೀ ಮರಿ ಕುಂಯ್‌ಗುಡುತ್ತಿತ್ತು. ತಾಯಿ ಎಲ್ಲೂ ಕಾಣಲಿಲ್ಲ. ಚನ್ನಬಸವಯ್ಯನವರ ಹೆಂಡತಿ ಗುರುಸಿದ್ದಮ್ಮ ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟು ಬದುಕಿಸಿದರು. ಮೂಳೆಯ ಗೂಡಿನ ಹಾಗಿದ್ದ ಅದಕ್ಕೆ ಶಿವನ ಗಣಗಳಲ್ಲಿ ಬಡಕಲಾದ ಭೃಂಗಿಯ ಹೆಸರು ಬಿತ್ತು.

ಆಚಾರವಂತ ಲಿಂಗಾಯತರ ಮನೆ. ನಾಯಿಗೂ ಅದೇ ಅಡಿಗೆ. ಬೆಳಿಗ್ಗೆ ಯಜಮಾನರ ಲಿಂಗಪೂಜೆ ಮುಗಿದ ಮೇಲೆ ಒಂದು ರಾಗಿಮುದ್ದೆ, ಮಜ್ಜಿಗೆ. ಸಂಜೆ ದೀಪ ಹಚ್ಚಿದ ಮೇಲೆ ಅರ್ಧ ಮುದ್ದೆ, ಬೇಳೆಕಟ್ಟು. ಪೂಜೆ ಮುಗಿಸಿ ಎದ್ದವರು ಬೆರಳಿನಲ್ಲಿ ಉಳಿದ ವಿಭೂತಿಯನ್ನು ಭೃಂಗಿಯ ಹಣೆಗೂ ಎಳೆಯುವರು. ಪ್ರತಿ ಅಮಾವಾಸ್ಯೆಯ ಮರುದಿನ ಅದನ್ನು ಕೊಬ್ಬರಿ ತೂಗುವ ತಕ್ಕಡಿಯಲ್ಲಿ ನಿಲ್ಲಿಸಿ ತೂಗುವರು. ಎರಡು ವರ್ಷ ತುಂಬುವ ಹೊತ್ತಿಗೆ ಒಂದು ಮಣ ಹನ್ನೆರಡು ಸೇರು ಬಂತು. ಬೀದಿಯಲ್ಲಿ ಅಷ್ಟು ಮಿರಿಮಿರಿ ಮಿನುಗುವ ನಾಯಿ ಇನ್ನೊಂದಿರಲಿಲ್ಲ.

"ನೋಡ್ರಿ ಮಾಂಸ ಮುಟ್ಟದ ಪ್ರಾಣಿ," ಎಂದು ಅವರು ಮಂಡಿಗೆ ಬಂದವರಿಗೆಲ್ಲ ತೋರಿಸುವರು. "ಹುಟ್ಟುಗುಣ ಅಂತೀರಲ್ಲ, ಎಲ್ಲಾ ಸುಳ್ಳು. ಕೊಟ್ಟ ಅಭ್ಯಾಸ ಅಷ್ಟೇ."

ಎದುರು ಸಾಲಿನಲ್ಲಿ ವೀಳ್ಯದೆಲೆ ಅಂಗಡಿ ಇಟ್ಟಿದ್ದ ರಂಗಸ್ವಾಮಿ ಎಲೆ ಒರೆಸುತ್ತಾ, "ಅಲ್ಲಾ ಯಜಮಾನ್ರೇ, ಭೃಂಗಿಗೆ ಲಿಂಗ ಕಟ್ಸೋದು ಯಾವಾಗ? ಊಟಕ್ಕೆ ಮುಂಚೆ ಹೇಳಿ, ನಾನೂ ಬತ್ತೀನಿ," ಎನ್ನುವನು. ಕೇಳಿದವರೆಲ್ಲ ನಗುವರು. ಚನ್ನಬಸವಯ್ಯನವರೂ ನಗುವರು. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ವ್ಯಾಪಾರ ಮಾಡುತ್ತಿದ್ದ ಅವರ ಷಡ್ಡಕ ಪರಮಶಿವಯ್ಯನವರು ಇದನ್ನೆಲ್ಲ ಕೇಳಿ ತಮ್ಮ ನಾಯಿಗೂ ಇದೇ ಪಥ್ಯ ಹಿಡಿಸಿದರು. ಅದು ಒಂದೂವರೆ ತಿಂಗಳಿಗೆ ಮೈಯೆಲ್ಲ ಕಜ್ಜಿಯಾಗಿ ಮನೆ ಬಿಟ್ಟು ಹೋಯಿತು. "ನಿಮ್ಮ ಮಜ್ಜಿಗೆಗೆ ನೀರು ಜಾಸ್ತಿ," ಎಂದು ಚನ್ನಬಸವಯ್ಯನವರು ಕಾಗದ ಬರೆದರು.

ಮನೆಯವರ ಮಧ್ಯಾಹ್ನದ ಊಟವಾದ ಮೇಲೆ ಭೃಂಗಿ ಎಲ್ಲೋ ಹೋಗುತ್ತಿತ್ತು, ದೀಪದ ಹೊತ್ತಿಗೆ ಬರುತ್ತಿತ್ತು. ಆ ಹೊತ್ತಿನಲ್ಲಿ ಚನ್ನಬಸವಯ್ಯನವರೂ ಒಂದು ನಿದ್ದೆ ತೆಗೆಯುತ್ತಿದ್ದರು. ನಾಯಿಯೂ ಎಲ್ಲೋ ನೆರಳಲ್ಲಿ ಮಲಗಿರುತ್ತದೆ ಎಂದುಕೊಂಡಿದ್ದರು.

೧೯೪೧ರ ಶಿವರಾತ್ರಿ ಕಳೆದು ಒಂದು ವಾರವಾಗಿತ್ತು. ಸೋಮವಾರ ಬೆಳಿಗ್ಗೆ ಭೃಂಗಿ ಮುದ್ದೆ ಮೂಸಿ ಬಿಟ್ಟಿತು. ಎಂದಿನಂತೆ ಮಧ್ಯಾಹ್ನ ಹೋಗಿ ಸಂಜೆ ಬಂತು. ಮಂಗಳವಾರ ಅದರ ದನಿ ಬದಲಾಗಿತ್ತು. ಬೊಗಳಿದರೆ ಒಡೆದ ಕೊಳಲಿನಿಂದ ಗಾಳಿ ಹೋದಂತೆ ಕೇಳಿಸಿತು. ಕೆಳದವಡೆ ಜೋತುಬಿದ್ದಿತ್ತು, ಜೊಲ್ಲು ಸುರಿಯುತ್ತಿತ್ತು. ಹಿತ್ತಲ ಬಾಗಿಲಿನ ಕಂಬವನ್ನು ಕಡಿದು ಸಿಬಿರು ಎಬ್ಬಿಸಿತ್ತು.

"ಗಂಟಲಲ್ಲಿ ಮೂಳೆ ಸಿಕ್ಕಾಕ್ಕಂಡಿರ್ಬೇಕು ಕಣ್ರೀ," ಎಂದ ರಂಗಸ್ವಾಮಿ.

"ಮೂಳೆ? ನನ್ನ ನಾಯಿಗೆ ಮೂಳೆ ಎಲ್ಲಿಂದ ಬರುತ್ತಯ್ಯಾ?"

ರಂಗಸ್ವಾಮಿ ಏನೋ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡು, "ಹೋಗ್ಲಿ, ಮುಟ್ಬೇಡಿ. ಹುಚ್ಚು ಹಿಡಿದಂಗೈತೆ," ಎಂದ.

ಚನ್ನಬಸವಯ್ಯನವರು ಆ ಮಾತನ್ನು ತಳ್ಳಿಹಾಕಿದರು. ಹುಚ್ಚು ಎಂಬುದು ಮಾಂಸದ ಉಷ್ಣ ತಲೆಗೇರಿ ಬರುವ ರೋಗ ಎಂದು ಅವರು ಕೇಳಿದ್ದರು. ಮಾಂಸವೇ ತಿನ್ನದ ನಾಯಿಗೆ ಅದು ಬರುವುದಾದರೂ ಹೇಗೆ? ಮಾರ್ಗಶಿರ ಮಾಸದಲ್ಲಿ ಹೊಳೆದಂಡೆಯ ಮೇಲೆ ಯಾವುದೋ ಬೀಡಾಡಿ ನಾಯಿ ಭೃಂಗಿಯ ಕಿವಿ ಕಚ್ಚಿ ಹರಿದಿತ್ತು, ತಾವೇ ಅರಿಶಿನ ಹಚ್ಚಿ ವಾಸಿ ಮಾಡಿದ್ದರು. ಅದು ನೆನಪಿಗೆ ಬಂದರೂ ಅದಕ್ಕೂ ಇದಕ್ಕೂ ಗಂಟು ಹಾಕಲಿಲ್ಲ. ಗಂಟಲಿಗೆ ತೆಂಗಿನ ಚಿಪ್ಪಿನ ಚೂರು ಸಿಕ್ಕಿದೆ ಎಂದು ತೀರ್ಮಾನಿಸಿ, ನಾಯಿಯ ದವಡೆಯನ್ನು ಎಡಗೈಯಲ್ಲಿ ಹಿಡಿದು ಬಲಗೈಯನ್ನು ಬಾಯೊಳಗೆ ಇಟ್ಟರು. ಒಳಗೆ ಏನೂ ಸಿಕ್ಕಲಿಲ್ಲ. ಕೈ ತೆಗೆಯುವಾಗ ಹೆಬ್ಬೆಟ್ಟು ತೋರುಬೆರಳುಗಳ ನಡುವೆ ಎರಡು ಹಲ್ಲು ಆಳಕ್ಕೆ ಇಳಿದವು.

ಅವರನ್ನು ಹಿಂದೆಂದೂ ಕಚ್ಚಿರದ ನಾಯಿ. ನೋವಿಗಿಂತ ಮೊದಲು ಅವರಿಗೆ ಅವಮಾನವಾಯಿತು.

ಭೃಂಗಿಯನ್ನು ಕಟ್ಟಿಹಾಕಿದರು. ಬುಧವಾರ ಅದರ ಹಿಂಗಾಲು ಬಿತ್ತು. ಗುರುವಾರ ಬೆಳಕು ಹರಿಯುವಷ್ಟರಲ್ಲಿ ಸತ್ತಿತು. ಹಿತ್ತಲಲ್ಲಿ ಮೊಣಕಾಲುದ್ದ ಗುಂಡಿ ತೋಡಿ ಹೂಳಿಸಿದ ಮೇಲೆ, ಗುರುಸಿದ್ದಮ್ಮನವರ ಕಾಟ ತಾಳಲಾರದೆ, ಊರಿನ ಆಸ್ಪತ್ರೆಗೆ ಹೋದರು. ಡಾಕ್ಟರು ಕೈಯನ್ನು ತಿರುಗಿಸಿ ನೋಡಿ, ನಾಯಿಯ ಕಡೇ ಮೂರು ದಿನದ ವಿವರ ಕೇಳಿ, ಕುರ್ಚಿಯಿಂದ ಎದ್ದರು.

"ಎರಡು ದಿನ ಏನ್ ಮಾಡ್ತಿದ್ರಿ ಯಜಮಾನ್ರೇ? ನಾಳೆ ಬೆಳಿಗ್ಗೆ ರೈಲಿಗೆ ಹಾಸನಕ್ಕೆ ಹೋಗಿ. ದೊಡ್ಡಾಸ್ಪತ್ರೆಯಲ್ಲಿ ಹುಚ್ಚುನಾಯಿ ಕಡಿತಕ್ಕೆ ಕೂನೂರಿನಿಂದ ತರಿಸಿದ ಔಷಧ ಇದೆ. ದಿನಕ್ಕೊಂದು, ಹದಿನಾಲ್ಕು ದಿನ, ಹೊಟ್ಟೆಗೆ ಚುಚ್ಚುತ್ತಾರೆ. ಒಂದು ದಿನವೂ ತಪ್ಪಬಾರದು. ರೋಗ ಮೇಲೆದ್ದರೆ ಔಷಧ ಇಲ್ಲ. ಬಾಯಾರಿಕೆಯಿಂದ ಸಾಯ್ತಿದ್ದರೂ ನೀರು ಗಂಟಲಲ್ಲಿ ಇಳಿಯೋದಿಲ್ಲ." ಆಮೇಲೆ ಕೇಳಿದರು: "ಇನ್ಯಾರಿಗೆ ಕಚ್ಚಿದೆ? ಗಾಯ ನೆಕ್ಕಿದ್ದರೂ ಹೇಳಿ."

"ಯಾರಿಗೂ ಇಲ್ಲ ಸ್ವಾಮಿ. ನನ್ನ ಮನೆ ಬಿಟ್ಟು ಅದು ಇನ್ನೊಬ್ಬರ ಮನೆಗೆ ಹೋದದ್ದಲ್ಲ."

ಮಂಡಿಗೆ ಹಿಂದಿರುಗಿ ರಂಗಸ್ವಾಮಿಗೆ ಇದನ್ನು ಹೇಳುವಾಗಲೂ ಹೀಗೇ ಹೇಳಿದರು. ರಂಗಸ್ವಾಮಿ ಈ ಸಾರಿ ನಗಲಿಲ್ಲ. ಎಲೆಯ ಕಟ್ಟು ಕೆಳಗಿಟ್ಟ.

"ಯಜಮಾನ್ರೇ, ಬೈಬೇಡಿ. ನಿಮ್ಮ ಭೃಂಗಿ ಮಧ್ಯಾಹ್ನ ಎಲ್ಲೋಗ್ತಿತ್ತು ಅಂತ ಈ ಬೀದಿಗೆಲ್ಲಾ ಗೊತ್ತು. ನಿಮಗೊಬ್ಬರಿಗೇ ಗೊತ್ತಿಲ್ಲ."

"ಎಲ್ಲಿಗೆ?"

"ರೈಲ್ವೆ ಗೇಟಿನಾಚೆ ಕೇರಿಗೆ. ನಿಮ್ಮ ಹಿತ್ತಲಿಂದ ಮಟ್ಟೆ ಹೊತ್ಕಂಡೋಗಿ ನಾರು ಬಡೀತಾಳಲ್ಲ, ಸಣ್ಣಕ್ಕ, ಅವಳ ಮನೆಗೆ. ಮರಿಯಿದ್ದಾಗಿಂದ್ಲೂ. ಅಲ್ಲಿ ಅದರ ಹೆಸರು ಕರಿಯ. ಅವರು ಉಣ್ಣೋದನ್ನೇ ಉಣ್ತಿತ್ತು. ಮೂಳೆ, ಬಾಡು, ಒಣಮೀನು… ಒಂದು ಮಣ ಹನ್ನೆರಡು ಸೇರು ಬರೀ ನಿಮ್ಮ ಮಜ್ಜಿಗೇಲಿ ಬಂತು ಅಂದ್ಕಂಡಿದ್ರಾ?"

ಚನ್ನಬಸವಯ್ಯನವರು ಲೆಕ್ಕ ಹಾಕಿದರು. ನಾಲ್ಕು ವರ್ಷ. ಸುಮಾರು ನಲವತ್ತೈದು ಅಮಾವಾಸ್ಯೆ. ಹಣೆಯ ಮೇಲೆ ವಿಭೂತಿ ಹೊತ್ತು ಹೋಗಿ, ಮಾಂಸ ತಿಂದು, ಬಾಯಿ ನೆಕ್ಕಿಕೊಂಡು ಬಂದು, ಸಂಜೆ ತಮ್ಮ ಪಾದದ ಮೇಲೆ ಗಲ್ಲ ಊರಿ ಮಲಗುತ್ತಿದ್ದ ನಾಯಿ. ನಗುತ್ತಾ ಕೇಳಿಸಿಕೊಳ್ಳುತ್ತಿದ್ದ ಇಡೀ ಬೀದಿ.

"ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅನ್ಸೋದು. ನಿಮ್ಮ ಮುಖ ನೋಡಿ ಬಿಡ್ತಿದ್ವಿ. ಅಷ್ಟು ಖುಷಿಯಾಗಿರ್ತಿದ್ರಿ."

ಮನೆಗೆ ಹೋಗಿ ಹೆಂಡತಿಯ ಮುಂದೆ ಕೂತು, "ಮಾಂಸ ತಿಂತಿತ್ತಂತೆ," ಎಂದರು. ಅದನ್ನೇ ಎರಡು ಸಾರಿ ಹೇಳಿದರು.

ಗುರುಸಿದ್ದಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟರು. "ತಿನ್ನಲಿ ಬಿಡಿ, ನಾಯಿ. ಅಲ್ಲಾ, ಆ ಸಣ್ಣಕ್ಕನಿಗೊಂದು ಹೆಣ್ಣುಮಗು ಇದೆ ಕಣ್ರೀ, ನಾಲ್ಕು ವರ್ಷದ್ದು. ಸೋಮವಾರ ಮಧ್ಯಾಹ್ನವೂ ಇದು ಅಲ್ಲಿಗೇ ಹೋಗಿತ್ತಲ್ಲವೇ?"

ಆ ಮಾತು ಎದೆಗೆ ಬಂದು ತಾಗಲು ಒಂದು ಕ್ಷಣ ಹಿಡಿಯಿತು. ತಾಗಿದ ಮೇಲೆ ಅವರು ಕೂತಿರಲಿಲ್ಲ.

ರೈಲ್ವೆ ಗೇಟು ಅವರ ಮನೆಯಿಂದ ಅರ್ಧ ಮೈಲಿಯೂ ಇಲ್ಲ. ಐವತ್ತೆರಡು ವರ್ಷ ಇದೇ ಊರಿನಲ್ಲಿದ್ದವರು ಅದರಾಚೆಯ ಕೇರಿಗೆ ಕಾಲಿಟ್ಟಿರಲಿಲ್ಲ. ಅವರನ್ನು ಕಂಡು ಮಟ್ಟೆ ಬಡಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಎದ್ದರು. ಸಣ್ಣಕ್ಕ ಸೆರಗು ಸರಿಮಾಡಿಕೊಂಡು ದೂರದಲ್ಲೇ ನಿಂತಳು. ಅವಳ ಅತ್ತೆ ಮಾರಮ್ಮ ಗುಡಿಸಲಿನ ಬಾಗಿಲಿಗೆ ಬಂದಳು. ಅವಳ ಹಿಂದಿನಿಂದ ಒಂದು ಹುಡುಗಿ ಇಣುಕಿದಳು. ಎಡಗೆನ್ನೆಯ ಮೇಲೆ ಬೂದಿ ಮೆತ್ತಿತ್ತು.

"ಅದೇನು ಕೆನ್ನೆ ಮೇಲೆ?"

"ಏನಿಲ್ಲ ಬುದ್ದೀ. ಸ್ವಾಮಾರ ಕರಿಯಂಗೆ ನೀರು ಕುಡ್ಸಾಕೋಗವ್ಳೆ, ಅದು ಬಾಯಾಕ್ಬುಡ್ತು. ಎಂದೂ ಅಂಗೆ ಮಾಡಿದ್ದಲ್ಲ. ಸ್ವಾಮಾರದಿಂದ ಬಂದೂ ಇಲ್ಲ." ಸಣ್ಣಕ್ಕ ಅವರ ಕೈಯ ಕಟ್ಟು ನೋಡಿದಳು. "ಕರಿಯ ಎಲ್ಲೈತೆ ಬುದ್ದೀ?"

"ಸತ್ತುಹೋಯ್ತು. ಹುಚ್ಚು ಹಿಡಿದಿತ್ತು."

ಮಾರಮ್ಮ ಬಾಯಿ ಬಾಯಿ ಬಡಿದುಕೊಂಡಳು. ಸಣ್ಣಕ್ಕ ಅಳಲಿಲ್ಲ, ಮಗುವನ್ನು ಎಳೆದು ಸೊಂಟದ ಮೇಲೆ ಕೂರಿಸಿಕೊಂಡಳು. ಚನ್ನಬಸವಯ್ಯನವರು ಹಾಸನದ ಸೂಜಿಯ ವಿಷಯ ಹೇಳಿದರು. ಹದಿನಾಲ್ಕು ದಿನ ಎಂದರು. ಹೊಟ್ಟೆಗೆ ಎಂದರು.

"ಬ್ಯಾಡ ಕಣವ್ವಾ," ಎಂದಳು ಮಾರಮ್ಮ. "ಮಗೀನ ಹೊಟ್ಟೆಗೆ ಸೂಜಿನಾ? ಚನ್ನರಾಯಪಟ್ಟಣದ ದಾರೀಲಿ ಬೇರು ಕೊಡೋನವ್ನೆ. ಅಲ್ಲೀಗೋಗಾನ."

ಸಣ್ಣಕ್ಕ ಚನ್ನಬಸವಯ್ಯನವರ ಕಡೆ ತಿರುಗಿದಳು. "ನಿಮ್ಗೂ ಕಚ್ಚೈತಲ್ಲ ಬುದ್ದೀ. ನೀವು ಎಲ್ಲೀಗೋಯ್ತೀರಿ?"

"ಹಾಸನಕ್ಕೆ."

"ಅಂಗಾದ್ರೆ ನಾವೂ ಅಲ್ಲೀಗೇ. ಮುಂಚೆ ನಿಮ್ಗೆ ಚುಚ್ಚಲಿ. ನಾನು ನೋಡಿ, ಆಮ್ಯಾಕೆ ಮಗೀನ ಕೊಡ್ತೀನಿ."

ಹುಡುಗಿಯ ಹೆಸರು ಮಾದಿ. ಮರುದಿನ ಬೆಳಿಗ್ಗೆ ಅವಳು ಮೊದಲ ಸಾರಿ ರೈಲು ಹತ್ತಿದಳು. ಎದುರು ಬೆಂಚಿನಲ್ಲಿ ಕೂತ ಚನ್ನಬಸವಯ್ಯನವರನ್ನು ಕಣ್ಣು ಮಿಟುಕಿಸದೆ ನೋಡಿದಳು. ಮೊಸಳೆ ಹೊಸಹಳ್ಳಿ ಸ್ಟೇಷನ್ನಿನಲ್ಲಿ ಯಾರೋ ಊರಿನ ಹೆಸರು ಕೂಗಿದಾಗ ಕಾಲು ಮೇಲಕ್ಕೆಳೆದುಕೊಂಡು, "ಅವ್ವಾ, ಇಲ್ಲಿ ಕಚ್ತದಾ?" ಎಂದಳು. ಕಚ್ಚುತ್ತದೆ ಎಂಬ ಮಾತಿಗೆ ಅವಳ ತಾಯಿ ಬೆಚ್ಚಿದ್ದನ್ನು ಅವರು ನೋಡಿದರು.

ಆಸ್ಪತ್ರೆಯಲ್ಲಿ ಅವರು ಅಂಗಿ ಮೇಲೆತ್ತಿ ಮಲಗಿದರು. ಸಣ್ಣಕ್ಕ ಬಾಗಿಲಲ್ಲಿ ನಿಂತು ನೋಡಿದಳು. ಕಿರುಬೆರಳು ಗಾತ್ರದ ಗಾಜಿನ ಸಿರಿಂಜಿನಲ್ಲಿ ಮಬ್ಬು ಬಣ್ಣದ ಔಷಧ. ಚರ್ಮದಡಿಗೆ ಅದು ಇಳಿಯುವಾಗ ಉರಿ ಬೆನ್ನಿನವರೆಗೆ ಹೋಯಿತು. ಕೂಗಬಾರದೆಂದು ಹಲ್ಲು ಕಚ್ಚಿದರು. ತಾವು ಕೂಗಿದರೆ ಆ ಹೆಂಗಸು ಮಗುವನ್ನೆತ್ತಿಕೊಂಡು ಹೊರಟುಬಿಡುತ್ತಾಳೆ ಎಂಬ ಭಯ ಅವರಿಗೆ ಆ ಗಳಿಗೆಯಲ್ಲಿ ತಮ್ಮ ಪ್ರಾಣಭಯಕ್ಕಿಂತ ಹೆಚ್ಚಾಗಿತ್ತು.

ಮಾದಿ ಕಿರುಚಿ ಆಸ್ಪತ್ರೆ ಒಂದು ಮಾಡಿದಳು. ನಾಲ್ಕನೆಯ ದಿನಕ್ಕೆ ಕಿರುಚಾಟ ಕಡಿಮೆಯಾಯಿತು. "ತಾತನ ಹೊಟ್ಟೆ ನೋಡು, ಗುಡ್ಡದಂಗೈತೆ. ಇನ್ನೂ ಇಪ್ಪತ್ತು ಚುಚ್ಬೋದು," ಎಂದು ಕಾಂಪೌಂಡರನಿಗೆ ಸಲಹೆ ಕೊಟ್ಟಳು.

ಛತ್ರದಲ್ಲಿ ತಾಯಿಮಗಳಿಗೆ ಜಾಗ ಸಿಕ್ಕುವಂತಿರಲಿಲ್ಲ. ಚನ್ನಬಸವಯ್ಯನವರಿಗೆ ಪರಿಚಯದ ಕೊಬ್ಬರಿ ಗೋದಾಮಿನಲ್ಲಿ ಮೂವರೂ ಉಳಿದರು. ಅವರು ಮುಂದಿನ ಕೋಣೆಯಲ್ಲಿ, ತಾಯಿಮಗಳು ಹಿಂದಿನ ಚಾವಡಿಯಲ್ಲಿ. ಅಲ್ಲಿನ ಬಾವಿಗೆ ಸಣ್ಣಕ್ಕ ಹಗ್ಗ ಬಿಡುವ ಹಾಗಿರಲಿಲ್ಲ. ಹದಿನಾಲ್ಕು ದಿನವೂ ಅವರೇ ಸೇದಿ, ಅವಳ ಮಡಕೆಗೆ ತಾಗದಂತೆ ಮೇಲಿನಿಂದ ಹುಯ್ದರು. ಕಚ್ಚಿಸಿಕೊಂಡ ಕೈಗೆ ಹಗ್ಗ ಉಜ್ಜುತ್ತಿತ್ತು. ಅದರಲ್ಲಿ ತಾವು ದೊಡ್ಡದೇನೋ ಮಾಡುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿದ್ದುಂಟು.

ಹೊರಡುವ ದಿನ ಅಲ್ಲಿನ ಡಾಕ್ಟರು ಸುಳ್ಳು ಹೇಳಲಿಲ್ಲ. "ಕೈಗಿಂತ ಮುಖದ ಗಾಯ ಕೆಟ್ಟದ್ದು, ಮಿದುಳಿಗೆ ಹತ್ತಿರ. ಕಚ್ಚಿದ ದಿನದಿಂದ ತೊಂಬತ್ತು ದಿನ ಕಳೆಯಲಿ. ಮಗು ನೀರು ಕುಡಿಯುತ್ತಾ ಇದ್ದರೆ ಭಯವಿಲ್ಲ. ಮುಖ ತಿರುಗಿಸಿದರೆ…" ಎಂದು ನಿಲ್ಲಿಸಿದರು.

ಅಂದಿನಿಂದ ಚನ್ನಬಸವಯ್ಯನವರು ಮಧ್ಯಾಹ್ನದ ನಿದ್ದೆ ಬಿಟ್ಟರು. ಊಟವಾದ ಕೂಡಲೇ ಗೇಟು ದಾಟಿ ಕೇರಿಗೆ ಹೋಗುವರು. ಹುಣಸೆಮರದ ಕೆಳಗೆ ಅವರಿಗೊಂದು ಕಲ್ಲು. ಸಣ್ಣಕ್ಕ ಮಡಕೆಯಿಂದ ಲೋಟಕ್ಕೆ ಬಗ್ಗಿಸಿ ಮಗಳಿಗೆ ಕೊಡುವಳು. ಮಾದಿ ಕುಡಿಯುವಳು. ಗಂಟಲು ಮೇಲೆ ಕೆಳಗೆ ಆಡುವುದನ್ನು ಅವರು ಕಾಯಿ ಪರೀಕ್ಷಿಸುವ ಕಣ್ಣಿನಲ್ಲೇ ನೋಡಿ, ಎದ್ದು ಬರುವರು. ಪೇಟೆಯಲ್ಲಿ ಮಾತು ಹುಟ್ಟಿತು. "ನಾಯಿ ಹೋಯ್ತು, ನಾಯಿ ಹೋಗ್ತಿದ್ದ ದಾರಿ ಯಜಮಾನ್ರಿಗೆ ಬಂತು," ಎಂದು ಯಾರೋ ಅಂದರು. ಅವರು ಕೇಳಿಸಿಕೊಂಡು ಮುಂದೆ ಹೋದರು.

ಅರವತ್ತೊಂದನೆಯ ದಿನ ಅರಕಲಗೂಡಿನ ಕಡೆಯಿಂದ ಒಂದು ಸುದ್ದಿ ಬಂತು. ಹುಚ್ಚುನಾಯಿ ಕಚ್ಚಿದ ಒಬ್ಬ ಗಾಡಿಯವನು ಹದಿನಾಲ್ಕೂ ಸೂಜಿ ಹಾಕಿಸಿಕೊಂಡಿದ್ದ, ಎರಡು ತಿಂಗಳಿಗೆ ನೀರು ಕಂಡರೆ ಅದುರಿ ಸತ್ತ ಎಂದು. ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಅವರು ಕೇರಿಗೆ ಹೋದಾಗ ಹೆಂಗಸರೆಲ್ಲ ಸಣ್ಣಕ್ಕನ ಬಾಗಿಲಲ್ಲಿದ್ದರು. ಮಾದಿ ನೀರು ಕುಡಿದಳು. ಅವರು ಏಳಲು ಹೊರಟರು.

"ಕುಂತ್ಕಳಿ ಬುದ್ದೀ," ಎಂದಳು ಸಣ್ಣಕ್ಕ. ದನಿ ಗಟ್ಟಿಯಾಗಿತ್ತು. "ದಿನಾ ಬತ್ತೀರಿ, ನನ್ನ ಮಗು ನೀರು ಕುಡಿಯೋದ ನೋಡ್ಕಂಡೋಯ್ತೀರಿ. ನಿಮ್ಮುನ್ನ ನೋಡೋರು ಯಾರು? ಇಬ್ರಿಗೂ ಒಂದೇ ಹಲ್ಲು, ಒಂದೇ ಸೂಜಿ. ನೀವು ಕುಡುದ್ರೆ ಇವ್ಳೂ ಉಳೀತಾಳೆ ಅಂತ ನಂಗೂ ಧೈರ್ಯ."

"ನಾನು ಮನೇಲಿ ಕುಡೀತೀನಲ್ಲಮ್ಮ."

"ನಾನು ನೋಡಿಲ್ವಲ್ಲ."

"ಆಯ್ತು. ನಾಳೆ ಮನೆಯಿಂದ ಚೊಂಬು ತರ್ತೀನಿ, ನಿನ್ನೆದುರಿಗೇ ಕುಡೀತೀನಿ."

"ನಾಳೆ ಗಂಟ ನಾನು ಎಂಗಿರ್ಲಿ ಬುದ್ದೀ?"

ಅಷ್ಟರಲ್ಲಿ ಮಾದಿ ತನ್ನ ಲೋಟವನ್ನು ಮಡಕೆಯಲ್ಲೇ ಮುಳುಗಿಸಿ ತುಂಬಿಕೊಂಡು, ಚೆಲ್ಲುತ್ತಾ ಬಂದು, ಅವರ ಮೂಗಿನ ಕೆಳಗೆ ಹಿಡಿದಳು. "ಕುಡಿ ತಾತ. ಸೂಜಿಯಂಗೆ ನೋಯಾಕಿಲ್ಲ."

ಚನ್ನಬಸವಯ್ಯನವರು ಲೋಟ ತೆಗೆದುಕೊಂಡರು. ತುಟಿಯ ಹತ್ತಿರಕ್ಕೆ ತಂದರು. ಗಂಟಲು ಮುಚ್ಚಿಕೊಂಡಿತು.

ಒಂದು ಮುಷ್ಟಿ ಒಳಗಿನಿಂದ ಹಿಡಿದಂತಾಯಿತು. ನೀರು ಗಲ್ಲದ ಮೇಲೆ ಹರಿಯಿತು. ಮಾರಮ್ಮ "ಅಯ್ಯೋ" ಎಂದಳು. ಒಬ್ಬ ಹೆಂಗಸು ತನ್ನ ಮಗುವನ್ನೆಳೆದುಕೊಂಡು ಎರಡು ಹೆಜ್ಜೆ ಹಿಂದೆ ಹೋದಳು. ಸಣ್ಣಕ್ಕನ ಮುಖ ಬೂದಿಯಾದದ್ದನ್ನು ಅವರು ಲೋಟದ ಅಂಚಿನ ಮೇಲಿಂದ ಕಂಡರು. ಅವಳು ನೋಡುತ್ತಿದ್ದದ್ದು ಅವರನ್ನಲ್ಲ, ತನ್ನ ಮಗಳನ್ನು.

ಬಂತು ಎಂದುಕೊಂಡರು. ಆದರೆ ಬೆಳಿಗ್ಗೆ ಮನೆಯಲ್ಲಿ ಮಜ್ಜಿಗೆ ಕುಡಿದಿದ್ದರು. ಊಟಕ್ಕೆ ಎರಡು ಲೋಟ ನೀರು ಕುಡಿದಿದ್ದರು, ಅದಾಗಿ ಒಂದು ಗಂಟೆಯೂ ಇಲ್ಲ. ಆಗ ಸಲೀಸಾಗಿ ಇಳಿದದ್ದು ಈಗ ಇಳಿಯುತ್ತಿಲ್ಲ. ಹಾಗಾದರೆ ಇದು ರೋಗವೋ, ಅಥವಾ ಆ ಲೋಟ ಯಾರದು ಎಂಬುದೋ? ಎರಡರಲ್ಲಿ ಯಾವುದು ಗಂಟಲು ಹಿಡಿದಿದೆ ಎಂಬುದು ಅವರಿಗೇ ತಿಳಿಯಲಿಲ್ಲ. ತಿಳಿಯಲು ಇದ್ದದ್ದು ಒಂದೇ ದಾರಿ. ಕಣ್ಣು ಮುಚ್ಚಲಿಲ್ಲ. ಮಾದಿಯ ಕೆನ್ನೆಯ ಕಲೆ ನೋಡುತ್ತಾ ಬಾಯಿ ತೆರೆದು ಸುರಿದುಕೊಂಡರು. ಮೊದಲ ಗುಟುಕು ನೆತ್ತಿಗೇರಿತು. ಕೆಮ್ಮಿದರು, ಕಣ್ಣಲ್ಲಿ ನೀರು ಬಂತು. ಎರಡನೆಯದು ಇಳಿಯಿತು. ಮೂರನೆಯದೂ ಇಳಿಯಿತು. ಲೋಟ ಬರಿದಾಯಿತು.

ರೋಗವಾಗಿರಲಿಲ್ಲ.

ಮಾದಿ ಲೋಟ ಬೋರಲು ಹಾಕಿ ತಾಯಿಗೆ ತೋರಿಸಿದಳು. "ಎಲ್ಲಾ ಕುಡ್ದ ಕಣವ್ವಾ. ಒಸಿ ಚೆಲ್ದ." ಸಣ್ಣಕ್ಕ ಅಲ್ಲೇ ಮಟ್ಟೆಯ ರಾಶಿಯ ಮೇಲೆ ಕೂತು, ಅರವತ್ತೊಂದು ದಿನದಲ್ಲಿ ಮೊದಲ ಸಾರಿ, ಬಾಯಿಗೆ ಸೆರಗು ಹಿಡಿದು ಅತ್ತಳು.

ಮನೆಗೆ ಬಂದು ಚನ್ನಬಸವಯ್ಯನವರು ಹೆಂಡತಿಗೆ ಎಲ್ಲವನ್ನೂ ಹೇಳಿದರು. ಬೈಗುಳಕ್ಕೆ, ಸ್ನಾನದ ನೀರಿಗೆ, ಮಠಕ್ಕೆ ಹೇಳಿಕಳಿಸುವುದಕ್ಕೆ, ಎಲ್ಲಕ್ಕೂ ಸಿದ್ಧವಾಗಿದ್ದರು. ಗುರುಸಿದ್ದಮ್ಮ ಕೇಳಿದ್ದು ಇಷ್ಟೇ:

"ನೀರು ಹೇಗಿತ್ತು?"

"ಉಪ್ಪು. ಬಾಯಿಗಿಡೋಕಾಗಲ್ಲ, ಅಷ್ಟು ಉಪ್ಪು."

"ಆ ಮಗು ದಿನಾ ಅದನ್ನೇ ಕುಡಿಯೋದಾ?"

ದಿನವೂ ಅವರು ಆ ಕಲ್ಲಿನ ಮೇಲೆ ಕೂತು, ನೀರು ಇಳಿಯುತ್ತದೆಯೋ ಇಲ್ಲವೋ ಎಂದು ಅಷ್ಟು ಹತ್ತಿರದಿಂದ ನೋಡಿದ್ದರು. ಅದು ಎಂಥ ನೀರು ಎಂದು ಒಮ್ಮೆಯೂ ಕೇಳಿರಲಿಲ್ಲ.

ತೊಂಬತ್ತಕ್ಕೆ ಇನ್ನೂ ಇಪ್ಪತ್ತೊಂಬತ್ತು ದಿನ ಉಳಿದಿತ್ತು. ಅಷ್ಟು ದಿನವೂ ಅವರು ಮಾದಿಯ ಜೊತೆ ಅದೇ ನೀರನ್ನು ಕುಡಿದರು. ಮಾದಿ ಬದುಕಿದಳು. ಅವರೂ ಬದುಕಿದರು.